ಸುವಾರ್ತೆ ಹೊತ್ತ ಕಪ್ಪು ಹೆಗಲು

ಕನ್ನಡಿಗರಾದ ನಾವು 1843ನೇ ಇಸವಿಯನ್ನು ಮರೆಯುವಂತಿಲ್ಲ. ಆ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಎಂಬ ಹಿರಿಮೆ ಅದರದು. ಜುಲೈ 1 ಬಂತೆಂದರೆ ಪತ್ರಿಕಾ ದಿನಾಚರಣೆಯ ಸಭೆಗಳಲ್ಲಿ ಮೊಗ್ಲಿಂಗರ ಹೆಸರು ಕೇಳಿಬರುತ್ತದೆ. ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ, ಶಾಲೆ, ಕಿಟೆಲರ ನಿಘಂಟು ಹೀಗೆ ಬಾಸೆಲ್ ಮಿಶನ್ ನಮ್ಮ ನಾಡಿಗೆ ಕೊಟ್ಟದ್ದನ್ನು ನಾವು ಎಣಿಸುತ್ತೇವೆ. ಅದು ಸರಿಯೇ.

ಆದರೆ ಅದೇ ವರ್ಷ, ‘ಮಂಗಳೂರ ಸಮಾಚಾರ’ ಹೊರಬರುವುದಕ್ಕೆ ಎರಡೂವರೆ ತಿಂಗಳ ಮೊದಲು, ಅದೇ ಬಾಸೆಲ್ ಮಿಶನ್ನಿಗೆ ಸೇರಿದ ಇನ್ನೊಂದು ತಂಡ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಹಡಗಿನಿಂದ ಇಳಿಯಿತು. ಸ್ಥಳ ಗೋಲ್ಡ್ ಕೋಸ್ಟಿನ ಕ್ರಿಶ್ಚಿಯನ್ಸ್‌ಬೋರ್ಗ್, ಅಂದರೆ ಇಂದಿನ ಘಾನಾ ದೇಶದ ರಾಜಧಾನಿ ಅಕ್ರಾದ ಒಂದು ಭಾಗ. ಇಳಿದವರಲ್ಲಿ 24 ಮಂದಿ ವೆಸ್ಟ್ ಇಂಡೀಸಿನವರು. ಗಂಡಸರು, ಹೆಂಗಸರು, ಮಕ್ಕಳು. ಎಲ್ಲರೂ ಕಪ್ಪು ಜನ. ಅವರ ಅಜ್ಜಂದಿರನ್ನು ಇದೇ ಕರಾವಳಿಗಳಿಂದ ಸಂಕೋಲೆ ತೊಡಿಸಿ ಕೊಂಡೊಯ್ಯಲಾಗಿತ್ತು. ಮೊಮ್ಮಕ್ಕಳು ಬೈಬಲ್ ಹಿಡಿದು ಮರಳಿ ಬಂದಿದ್ದರು.

ಮೊಗ್ಲಿಂಗರ ಹೆಸರನ್ನು ಬಲ್ಲ ನಮಗೆ ಈ 24 ಜನರ ಹೆಸರು ಗೊತ್ತಿಲ್ಲ. ಮಿಶನರಿ ಎಂಬ ಶಬ್ದ ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಿಳಿ ಮುಖ, ಉದ್ದ ಗಡ್ಡ, ಕರಿ ಕೋಟು. ಕಪ್ಪು ಮನುಷ್ಯ ಆ ಚಿತ್ರದಲ್ಲಿದ್ದರೆ ಕೆಳಗೆ ಕುಳಿತು ಕೇಳುವವನಾಗಿ ಇರುತ್ತಾನೆ. ಈ ಚಿತ್ರ ಹೇಗೆ ತಯಾರಾಯಿತು? ಕ್ರೈಸ್ತ ಮಿಶನರಿ ಸೇವೆಯ ಬಾಗಿಲು ಬಿಳಿಯರಲ್ಲದವರಿಗೆ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ಏಕೆ? ಈ ಲೇಖನದಲ್ಲಿ ನಾವು ಹುಡುಕಹೊರಟಿರುವುದು ಇದನ್ನೇ.

ಎಂಟು ಗೋರಿಗಳು, ಇಪ್ಪತ್ನಾಲ್ಕು ಜನ

ಬಾಸೆಲ್ ಮಿಶನ್ ಗೋಲ್ಡ್ ಕೋಸ್ಟಿಗೆ ಮೊದಲ ತಂಡ ಕಳುಹಿಸಿದ್ದು 1828ರಲ್ಲಿ. ಮಂಗಳೂರಿಗೆ ಬರುವುದಕ್ಕೂ ಆರು ವರ್ಷ ಮೊದಲು. ಅಲ್ಲಿಂದ 1840ರ ವರೆಗೆ ಹೋದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಜ್ವರಕ್ಕೆ ಬಲಿಯಾದರು. ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನೂ ಸಾವಿನಂಚಿನಿಂದ ಬದುಕಿಸಿದ್ದು ಸ್ಥಳೀಯ ನಾಟಿ ವೈದ್ಯರೆಂದು ಹೇಳುತ್ತಾರೆ. ಇಷ್ಟು ವರ್ಷಗಳ ಸೇವೆಯ ಫಲವಾಗಿ ಒಬ್ಬನಾದರೂ ಕ್ರೈಸ್ತನಾಗಿರಲಿಲ್ಲ.

ರೀಸ್ ನಿರಾಶರಾಗಿ ಊರಿಗೆ ಹೊರಟಾಗ ಅಕ್ರೊಪಾಂಗ್‌ನ ಅರಸ ಆಡೊ ಡಂಕ್ವಾ ಒಂದು ಮಾತು ಹೇಳಿದನೆಂಬ ಪ್ರತೀತಿ ಇದೆ. ಈ ಗ್ರಂಥ ಬಿಳಿಯರಿಗಾಗಿ ಬಂದದ್ದೆಂದು ನಾವು ತಿಳಿದಿದ್ದೇವೆ. ಇದನ್ನು ಓದಬಲ್ಲ, ನಂಬುವ ಕಪ್ಪು ಜನರನ್ನು ತೋರಿಸಿದರೆ ಆಗ ಯೋಚಿಸೋಣ ಎಂಬುದು ಆ ಮಾತಿನ ಸಾರ. ಅರಸನ ಮಾತು ಬಾಸೆಲ್ ತಲುಪಿತು. ಎಂಟು ಗೋರಿಗಳ ಲೆಕ್ಕವೂ ತಲುಪಿತು. ವೆಸ್ಟ್ ಇಂಡೀಸಿನಲ್ಲಿ ಗುಲಾಮಗಿರಿಯ ಕಾನೂನು ಕೊನೆಗೊಂಡು ಕೆಲವೇ ವರ್ಷಗಳಾಗಿದ್ದವು. ಅಲ್ಲಿನ ಕಪ್ಪು ಕ್ರೈಸ್ತರು ಅಂತಹ ಹವೆಗೆ ಒಗ್ಗಿದವರು, ಬಣ್ಣದಲ್ಲಿ ಆಫ್ರಿಕದವರು, ಗ್ರಂಥ ಬಲ್ಲವರು. ರೀಸ್ ಜಮೈಕಾಕ್ಕೆ ಹೋಗಿ ಮೊರೇವಿಯನ್ ಸಭೆಯ ಕುಟುಂಬಗಳನ್ನು ಆರಿಸಿದರು. ಮನೆ, ಜಮೀನು, ಮೊದಲ ವರ್ಷಗಳ ಖರ್ಚು, ಐದು ವರ್ಷಗಳ ನಂತರ ಬೇಕಿದ್ದರೆ ಊರಿಗೆ ಮರಳುವ ಹಕ್ಕು ಇವೆಲ್ಲ ಕರಾರಿನಲ್ಲಿದ್ದವು.

ಬಂದವರು ಬೆಟ್ಟದ ಮೇಲಿನ ಅಕ್ರೊಪಾಂಗ್‌ನಲ್ಲಿ ಕಲ್ಲಿನ ಮನೆ ಕಟ್ಟಿದರು, ತೋಟ ಮಾಡಿದರು, ಜಮೈಕಾದಿಂದ ತಂದ ಗಿಡಗಳನ್ನು ನೆಟ್ಟರು. ಆ ಪ್ರದೇಶಕ್ಕೆ ಮಾವು ತಂದವರು ಇವರೇ ಎಂದು ಅಲ್ಲಿನ ಜನ ಹೇಳುತ್ತಾರೆ. ಅಲೆಕ್ಸಾಂಡರ್ ವರ್ದಿ ಕ್ಲಾರ್ಕ್ ಎಂಬವರು ಅದೇ ವರ್ಷ ಶಾಲೆ ತೆರೆಯುವಲ್ಲಿ ನೆರವಾದರು. ಆದರೆ ರೀಸ್ ಅವರಿಗೂ ಈ ಕುಟುಂಬಗಳಿಗೂ ಬಹುಬೇಗ ಮನಸ್ತಾಪ ಬೆಳೆಯಿತು. ತಾವು ಸುವಾರ್ತೆಯ ಕೆಲಸಕ್ಕೆ ಬಂದವರು ಎಂದು ಇವರು ತಿಳಿದಿದ್ದರೆ, ದುಡಿಮೆಗೆ ಬಂದ ಆಳುಗಳೆಂಬಂತೆ ತಮ್ಮನ್ನು ನಡೆಸಿಕೊಳ್ಳಲಾಗುತ್ತಿದೆ ಎಂಬುದು ಇವರ ದೂರಾಗಿತ್ತು. 1845ರಲ್ಲಿ ಬಾಸೆಲ್ ರೀಸ್ ಅವರನ್ನು ವಾಪಸು ಕರೆಸಿಕೊಂಡಿತು. ಕೆಲವು ಕುಟುಂಬಗಳು ಮುಂದೆ ಜಮೈಕಾಕ್ಕೆ ಮರಳಿದವು. ಉಳಿದವರು ಅಲ್ಲಿಯ ಮಣ್ಣಿನವರೇ ಆದರು.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಪ್ಪು ಜನರಿಗೆ ಈ ಬಾಗಿಲು ತೆರೆದದ್ದು ಬಿಳಿಯರು ಬದುಕಲಾಗದ ಜಾಗದಲ್ಲಿ. ಸಮಾನತೆಯ ತತ್ತ್ವಕ್ಕಿಂತ ಮೊದಲು ಅಲ್ಲಿ ಕೆಲಸ ಮಾಡಿದ್ದು ಸೊಳ್ಳೆ.

ಎರಡು ಮದುವೆಗಳು

ಆ ಹಡಗಿನಲ್ಲಿ ಕ್ಯಾಥರಿನ್ ಮಲ್‌ಗ್ರೇವ್ ಎಂಬ ಹದಿಹರೆಯದ ಯುವತಿಯೂ ಇದ್ದಳು. ಹುಟ್ಟಿದ್ದು ಅಂಗೋಲದಲ್ಲಿ. ಬಾಲ್ಯದಲ್ಲಿ ಗುಲಾಮ ವ್ಯಾಪಾರಿಗಳು ಅಪಹರಿಸಿ ಹಡಗಿಗೆ ಹಾಕಿದರು. ಹಡಗು 1833ರಲ್ಲಿ ಜಮೈಕಾದ ಬಳಿ ಒಡೆಯಿತು. ಬದುಕುಳಿದ ಮಗುವನ್ನು ಅಲ್ಲಿನ ಗವರ್ನರ್ ಮಲ್‌ಗ್ರೇವ್ ಪ್ರಭುವಿನ ಮನೆಯವರು ಸಾಕಿ ಓದಿಸಿದರು. ಆಕೆ ಶಿಕ್ಷಕಿಯಾದಳು. ಬಾಸೆಲ್‌ನಲ್ಲಿ ಕಲಿತ ಮೊದಲ ಆಫ್ರಿಕನ್ ಜಾರ್ಜ್ ಥಾಂಪ್ಸನ್ ಎಂಬವನನ್ನು ಮದುವೆಯಾಗಿ ಗೋಲ್ಡ್ ಕೋಸ್ಟಿಗೆ ಬಂದು ಹೆಣ್ಣುಮಕ್ಕಳ ಶಾಲೆ ನಡೆಸಿದಳು. ಆ ಮದುವೆ 1849ರಲ್ಲಿ ಮುರಿದುಬಿತ್ತು.

1851ರಲ್ಲಿ ಜರ್ಮನ್ ಮಿಶನರಿ ಯೊಹಾನೆಸ್ ಸಿಮ್ಮರ್‌ಮನ್ ಬಾಸೆಲ್‌ನ ಒಪ್ಪಿಗೆಗೂ ಕಾಯದೆ ಕ್ಯಾಥರಿನ್‌ಳನ್ನು ವಿವಾಹವಾದರು. ಗಾ ಭಾಷೆಗೆ ವ್ಯಾಕರಣ ಬರೆದು ಬೈಬಲ್ ಅನುವಾದಿಸಿದ ಪಂಡಿತರು ಅವರು. ನಮ್ಮ ಕಿಟೆಲರ ಹಾಗೆ. ಬಾಸೆಲ್‌ನ ಸಮಿತಿ ತಳಮಳಗೊಂಡಿತು. ಕೊನೆಗೆ ಮದುವೆಯನ್ನು ಒಪ್ಪಿತಾದರೂ ಒಂದು ಷರತ್ತು ಹಾಕಿತು. ಇನ್ನು ಮುಂದೆ ಸಿಮ್ಮರ್‌ಮನ್ ತಮ್ಮನ್ನು ಯುರೋಪಿನವರೆಂದು ಎಣಿಸಕೂಡದು, ಹೆಂಡತಿ ಮಕ್ಕಳನ್ನು ಯುರೋಪಿಗೆ ಕರೆತರಕೂಡದು. ಆಫ್ರಿಕದ ಹೆಣ್ಣು ಶಾಲೆ ನಡೆಸಬಹುದಿತ್ತು, ಬಿಳಿಯನ ಮಡದಿಯಾಗಿ ಬಾಸೆಲ್‌ನ ಬೀದಿಯಲ್ಲಿ ನಡೆಯುವಂತಿರಲಿಲ್ಲ.

ಇದರ ಪಕ್ಕದಲ್ಲಿ ನಮ್ಮ ಮಂಗಳೂರಿನ ಕಥೆಯನ್ನಿಟ್ಟು ನೋಡೋಣ. ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 1844ರ ಜನವರಿಯಲ್ಲಿ ಮೊಗ್ಲಿಂಗರಿಂದ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಮಂಗಳೂರು ಅಲ್ಲೋಲಕಲ್ಲೋಲವಾಯಿತು. 1846ರಲ್ಲಿ ಮೊಗ್ಲಿಂಗ್ ಅವರನ್ನು ಬಾಸೆಲ್‌ಗೆ ಕರೆದೊಯ್ದರು. ಐದು ವರ್ಷ ಕಲಿತು ದೀಕ್ಷೆ ಪಡೆದು 1851ರಲ್ಲಿ ಯುರೋಪಿನ ಮಿಶನರಿಗಳ ಸಾಲಿನಲ್ಲೇ ನಿಲ್ಲುವ ಭಾರತೀಯರಾಗಿ ಮರಳಿದರು. 1860ರಲ್ಲಿ ಜರ್ಮನಿಯ ಮರಿ ರೈನ್‌ಹಾರ್ಟ್ ಎಂಬ ಮಹಿಳೆ ಅವರ ಪತ್ನಿಯಾಗಿ ಕಡಲು ದಾಟಿ ಬಂದರು. ಕೊಡಗಿನ ಆನಂದಪುರ ಅವರ ಹೆಸರನ್ನು ಇಂದಿಗೂ ಹೊತ್ತಿದೆ.

ಎರಡೂ ಮದುವೆಗಳು ಒಂದೇ ಸಂಸ್ಥೆಯ ನೆರಳಿನಲ್ಲಿ, ಹತ್ತು ವರ್ಷಗಳೊಳಗೆ ನಡೆದವು. ಒಂದಕ್ಕೆ ಷರತ್ತು, ಇನ್ನೊಂದಕ್ಕೆ ದಾರಿ. ಕೌಂಡಿನ್ಯರ ಸಜ್ಜನಿಕೆಯಾಗಲಿ ಪಾಂಡಿತ್ಯವಾಗಲಿ ಸಣ್ಣದಲ್ಲ. ಆದರೆ ಬ್ರಾಹ್ಮಣ ಕುಲದ ತರುಣನಿಗೆ ತೆರೆದುಕೊಂಡ ಹೊಸ್ತಿಲು ಗುಲಾಮರ ಹಡಗಿನಿಂದ ಬದುಕಿ ಬಂದ ಹೆಣ್ಣಿಗೆ ತೆರೆಯಲಿಲ್ಲ ಎಂಬುದನ್ನೂ ಇತಿಹಾಸ ದಾಖಲಿಸಿದೆ. ಜಾತಿ ಮತ್ತು ಬಣ್ಣ, ಎರಡೂ ಕಡಲು ದಾಟಬಲ್ಲವು.

ವಿಲಿಯಂ ಕೇರಿಗಿಂತ ಮೊದಲು

ಜಮೈಕಾದ ಕಪ್ಪು ಜನರಿಗೆ ಕ್ರೈಸ್ತಧರ್ಮವನ್ನು ತಲುಪಿಸಿದವರು ಯಾರು? ಯುರೋಪಿನ ಮೊರೇವಿಯನ್ ಸಭೆಯವರು 1754ರಲ್ಲೇ ಬಂದಿದ್ದರು. ಆದರೆ ಸಾಮಾನ್ಯ ಗುಲಾಮರ ನಡುವೆ ಅದು ಕಾಡ್ಗಿಚ್ಚಿನಂತೆ ಹಬ್ಬಲು ಕಾರಣನಾದವನು ಸ್ವತಃ ಗುಲಾಮನಾಗಿದ್ದ ಜಾರ್ಜ್ ಲೈಲ್. ಅಮೆರಿಕದ ಜಾರ್ಜಿಯಾದಲ್ಲಿ 1775ರಲ್ಲಿ ಬೋಧಕನಾಗಿ ದೀಕ್ಷೆ ಪಡೆದ ಆತ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರು ಸವಾನಾ ಪಟ್ಟಣ ಬಿಟ್ಟಾಗ ಅವರೊಂದಿಗೆ ಹೊರಟು ಜಮೈಕಾ ಸೇರಿದ. ಪ್ರಯಾಣದ ಹಣ ಕೊಟ್ಟ ಸೇನಾಧಿಕಾರಿಯ ಸಾಲ ತೀರಿಸಲು ಎರಡು ವರ್ಷ ದುಡಿದ. ನಂತರ ಕಿಂಗ್‌ಸ್ಟನ್ ಪಟ್ಟಣದಲ್ಲಿ ಬಡವರ ಮುಂದೆ ಬೋಧಿಸತೊಡಗಿದ. ಜೈಲಿಗೂ ಹೋದ.

ಆಧುನಿಕ ಮಿಶನರಿ ಚಳವಳಿಯ ಜನಕ ಎಂದು ನಮ್ಮ ಪಠ್ಯಗಳು ಹೇಳುವುದು ವಿಲಿಯಂ ಕೇರಿಯವರನ್ನು. ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಲೈಲ್ ಜಮೈಕಾಕ್ಕೆ ಹೋಗಿ ಆಗ ಹತ್ತು ವರ್ಷಗಳಾಗಿದ್ದವು. ಆತನನ್ನು ಯಾವ ಸಂಸ್ಥೆಯೂ ಕಳುಹಿಸಲಿಲ್ಲ, ಯಾರೂ ಹಣ ಕೊಡಲಿಲ್ಲ, ಆದ್ದರಿಂದ ಯಾರ ವರದಿ ಪುಸ್ತಕದಲ್ಲೂ ಅವನ ಹೆಸರು ಮೊದಲ ಪುಟದಲ್ಲಿ ಬರಲಿಲ್ಲ.

ಬಿಳಿ ಧಣಿಗಳಿಗೆ ಕಪ್ಪು ಬೋಧಕರೆಂದರೆ ಭಯ. ಕಾರಣವಿತ್ತು. ದೀಕ್ಷಾಸ್ನಾನ ಪಡೆದ ಮಾತ್ರಕ್ಕೆ ಗುಲಾಮ ಸ್ವತಂತ್ರನಾಗುವುದಿಲ್ಲ ಎಂದು ಅಮೆರಿಕದ ವರ್ಜೀನಿಯಾ 1667ರಲ್ಲೇ ಕಾನೂನು ಮಾಡಿಟ್ಟಿತ್ತು. ಆತ್ಮಕ್ಕೆ ಬಿಡುಗಡೆ, ಮೈಗೆ ಸಂಕೋಲೆ ಎಂಬುದು ಧಣಿಗಳು ಒಪ್ಪಿದ ಧರ್ಮ. ಆದರೆ ಗುಲಾಮನೇ ಗ್ರಂಥ ಓದಿ ಗುಲಾಮರಿಗೆ ಅರ್ಥ ಹೇಳತೊಡಗಿದರೆ ಆ ವಿಭಜನೆ ನಿಲ್ಲುವುದಿಲ್ಲ. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ಎದ್ದ ದೊಡ್ಡ ದಂಗೆಯ ನಾಯಕ ಸ್ಯಾಮ್ಯುಯೆಲ್ ಶಾರ್ಪ್ ಒಬ್ಬ ಬ್ಯಾಪ್ಟಿಸ್ಟ್ ಸಭೆಯ ಹಿರಿಯ. ಆತನನ್ನು 1832ರಲ್ಲಿ ನೇಣಿಗೇರಿಸಿದರು. ಮರುವರ್ಷ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದತಿಯ ಕಾನೂನು ಮಾಡಿತು.

ಅಮೆರಿಕದಲ್ಲಿಯೂ ಕಪ್ಪು ಜನ ಕಾದು ಕುಳಿತಿರಲಿಲ್ಲ. ರಿಚ್‌ಮಂಡ್ ನಗರದ ತಂಬಾಕಿನ ಗೋದಾಮಿನಲ್ಲಿ ದುಡಿಯುತ್ತಿದ್ದ ಲಾಟ್ ಕೇರಿ ಎಂಬ ಗುಲಾಮ 1813ರಲ್ಲಿ 850 ಡಾಲರ್ ತೆತ್ತು ತನ್ನನ್ನೂ ತನ್ನ ಇಬ್ಬರು ಮಕ್ಕಳನ್ನೂ ಬಿಡಿಸಿಕೊಂಡ. ಎರಡು ವರ್ಷಗಳ ನಂತರ ಅಲ್ಲಿನ ಕಪ್ಪು ಕ್ರೈಸ್ತರು ಸೇರಿ ತಮ್ಮದೇ ಆಫ್ರಿಕನ್ ಮಿಶನರಿ ಸಂಘ ಕಟ್ಟಿದರು. ಐದು ವರ್ಷಗಳಲ್ಲಿ 700 ಡಾಲರ್ ಕೂಡಿತು. ಕೊಟ್ಟವರಲ್ಲಿ ಇನ್ನೂ ಗುಲಾಮರಾಗಿಯೇ ಇದ್ದವರೂ ಇದ್ದರು. 1821ರಲ್ಲಿ ಕೇರಿ ಆಫ್ರಿಕಕ್ಕೆ ಹಡಗು ಹತ್ತಿದ. ಲೈಬೀರಿಯಾದಲ್ಲಿ ಸಭೆ ಕಟ್ಟಿ 1828ರಲ್ಲಿ ತೀರಿಕೊಂಡ.

ಬಿಷಪ್ ಕ್ರೌತರ್

1843ಕ್ಕೆ ನಾವು ಇನ್ನೊಮ್ಮೆ ಮರಳಬೇಕಾಗಿದೆ. ಆ ವರ್ಷವೇ ಲಂಡನ್‌ನಲ್ಲಿ ಯೊರುಬಾ ಜನಾಂಗದ ಒಬ್ಬ ಆಫ್ರಿಕನ್ ಆಂಗ್ಲಿಕನ್ ಪಾದ್ರಿಯಾಗಿ ದೀಕ್ಷೆ ಪಡೆದರು. ಅವರೇ ಸ್ಯಾಮ್ಯುಯೆಲ್ ಅಜಾಯಿ ಕ್ರೌತರ್.

1821ರಲ್ಲಿ ಅಜಾಯಿಯ ಊರಿನ ಮೇಲೆ ದಾಳಿಯಾಯಿತು. ದಾಳಿಕೋರರಲ್ಲಿ ಮುಸ್ಲಿಮರಿದ್ದರು. ಬಾಲಕ ಕೈಯಿಂದ ಕೈಗೆ ಮಾರಾಟವಾಗಿ ಪೋರ್ಚುಗೀಸರ ಹಡಗು ಸೇರಿದ. ಬ್ರಿಟಿಷ್ ನೌಕಾಪಡೆ 1822ರಲ್ಲಿ ಆ ಹಡಗನ್ನು ತಡೆದು ಬಂಧಿತರನ್ನು ಸಿಯೆರಾ ಲಿಯೋನಿನಲ್ಲಿ ಇಳಿಸಿತು. ಅಲ್ಲಿ 1827ರಲ್ಲಿ ಆರಂಭವಾದ ಫೌರಾ ಬೇ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಆತ ಒಬ್ಬ. ಮುಂದೆ ಬೈಬಲ್ಲನ್ನು ಯೊರುಬಾ ಭಾಷೆಗೆ ತಂದ ವಿದ್ವಾಂಸರಾದರು.

ಕ್ರೌತರ್ ಅವರನ್ನು ಮೇಲೆತ್ತಿದವರು ಲಂಡನ್ನಿನ ಚರ್ಚ್ ಮಿಶನರಿ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ವೆನ್. ಪ್ರತಿ ದೇಶದ ಸಭೆಯೂ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು, ತನ್ನನ್ನು ತಾನೇ ಆಳಿಕೊಳ್ಳಬೇಕು, ತಾನೇ ವಿಸ್ತರಿಸಬೇಕು ಎಂಬುದು ವೆನ್ ಅವರ ಸಿದ್ಧಾಂತ. ಹೊರಗಿನ ಮಿಶನರಿ ಕಟ್ಟಡದ ಸಾರುವೆಯಂತೆ. ಕಟ್ಟಡ ನಿಂತ ಮೇಲೆ ಬಿಚ್ಚಬೇಕು. 1864ರ ಜೂನ್ 29ರಂದು ಕ್ಯಾಂಟರ್‌ಬರಿಯಲ್ಲಿ ಕ್ರೌತರ್ ಬಿಷಪ್ ಆದರು. ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್. ನೈಜರ್ ನದಿಯ ಉದ್ದಕ್ಕೂ ಅವರು ಕಟ್ಟಿದ ಮಿಶನ್ನಿನ ಸಿಬ್ಬಂದಿಯೆಲ್ಲ ಆಫ್ರಿಕನ್ನರು.

ಮುಸ್ಲಿಮರೊಂದಿಗೆ ಅವರ ವರ್ತನೆಯನ್ನು ನಾವು ವಿಶೇಷವಾಗಿ ಗಮನಿಸಬೇಕು. ತನ್ನನ್ನು ಗುಲಾಮಗಿರಿಗೆ ತಳ್ಳಿದವರ ಧರ್ಮದ ಮೇಲೆ ಹಗೆ ಸಾಧಿಸುವುದು ಅವರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. 1872ರಲ್ಲಿ ಇಲೋರಿನ್‌ನ ಅಮೀರರ ದರಬಾರಿನಲ್ಲಿ ಉಲೇಮಾಗಳ ಪ್ರಶ್ನೆಗಳಿಗೆ ಕೂಗಾಡದೆ, ನಿಂದಿಸದೆ, ಯೊರುಬಾ ಬೈಬಲ್ಲಿನಿಂದಲೇ ಓದಿ ಉತ್ತರಿಸಿದರು. ಎರಡು ಧರ್ಮಗಳ ನಡುವೆ ಸಮಾನವಾದದ್ದು ಯಾವುದೋ ಅಲ್ಲಿಂದ ಮಾತು ಆರಂಭಿಸಬೇಕೆಂಬುದು ಅವರ ರೀತಿ. ಅದೇ ನೆಲದ, ಅದೇ ನುಡಿಯ ಮನುಷ್ಯನಾದ್ದರಿಂದ ಈ ಮಾತುಕತೆ ಅವರಿಗೆ ಸಾಧ್ಯವಾಗಿದ್ದಿರಬೇಕು.

ಆದರೆ ಕಾಲ ಬದಲಾಗುತ್ತಿತ್ತು. 1841ರಲ್ಲಿ ನೈಜರ್ ನದಿಯ ಮೇಲೆ ಹೋದ ಬ್ರಿಟಿಷ್ ಹಡಗುಗಳ ಬಿಳಿಯರಲ್ಲಿ ಬಹಳಷ್ಟು ಮಂದಿ ಜ್ವರದಿಂದ ಸತ್ತಿದ್ದರು. 1854ರಲ್ಲಿ ಡಾ. ಬೇಕಿ ಎಂಬವರ ನೇತೃತ್ವದಲ್ಲಿ ಇನ್ನೊಂದು ಹಡಗು ಹೋಯಿತು. ದಿನವೂ ಕ್ವಿನೈನ್ ಕೊಟ್ಟರು. ಒಬ್ಬನೂ ಜ್ವರದಿಂದ ಸಾಯಲಿಲ್ಲ. ವಿಚಿತ್ರವೆಂದರೆ ಎರಡೂ ಯಾತ್ರೆಗಳಲ್ಲಿ ಕ್ರೌತರ್ ಇದ್ದರು. ಬಿಳಿಯರು ಆಫ್ರಿಕದಲ್ಲಿ ಬದುಕಬಲ್ಲರೆಂಬುದು ಅವರ ಕಣ್ಣೆದುರೇ ಸಾಬೀತಾಯಿತು. ಅದರ ಬೆಲೆಯನ್ನು ಮುಂದೆ ಅವರೇ ತೆರಬೇಕಾಯಿತು.

ವೆನ್ 1873ರಲ್ಲಿ ನಿಧನರಾದರು. 1880ರ ದಶಕದಲ್ಲಿ ಯುರೋಪಿನ ದೇಶಗಳು ಆಫ್ರಿಕವನ್ನು ಹಂಚಿಕೊಳ್ಳತೊಡಗಿದವು. ಕೇಂಬ್ರಿಜ್‌ನಂತಹ ವಿಶ್ವವಿದ್ಯಾಲಯಗಳಿಂದ ಬಿಸಿರಕ್ತದ ಬಿಳಿ ತರುಣರು ಮಿಶನರಿಗಳಾಗಿ ಬಂದರು. ಎಂಬತ್ತು ದಾಟಿದ ಬಿಷಪ್ಪರ ಆಡಳಿತ ಅವರಿಗೆ ಸಡಿಲವೆನಿಸಿತು. ಕೆಲವು ಸಿಬ್ಬಂದಿಯ ನಡತೆಯಲ್ಲಿ ದೋಷಗಳಿದ್ದುದು ನಿಜ. ಆದರೆ ಕೆಲವರ ತಪ್ಪನ್ನು ಇಡೀ ಜನಾಂಗದ ಅನರ್ಹತೆ ಎಂದು ಓದಲಾಯಿತು. 1890ರಲ್ಲಿ ಬಿಷಪ್ಪರ ಎದುರಿನಲ್ಲೇ ಅವರ ಪಾದ್ರಿಗಳನ್ನು ಅಮಾನತು ಮಾಡಲಾಯಿತು. ಕ್ರೌತರ್ ಸಮಿತಿಗೆ ರಾಜೀನಾಮೆ ಕೊಟ್ಟು ಹೊರಬಂದರು. 1891ರ ಡಿಸೆಂಬರ್ 31ರಂದು ಲಾಗೋಸ್‌ನಲ್ಲಿ ಕೊನೆಯುಸಿರೆಳೆದರು. ಅವರ ಸ್ಥಾನಕ್ಕೆ ಬಿಳಿ ಬಿಷಪ್ ಬಂದರು. ನಂತರ ದಶಕಗಳ ಕಾಲ ಆಫ್ರಿಕನ್ನರಿಗೆ ಸಿಕ್ಕಿದ್ದು ಸಹಾಯಕ ಬಿಷಪ್ ಹುದ್ದೆ ಮಾತ್ರ. ಸಾರುವೆ ಬಿಚ್ಚುವ ಬದಲು ಕಟ್ಟಡದವರನ್ನೇ ಹೊರಗೆ ಕಳುಹಿಸಿದಂತಾಯಿತು. 2014ರಲ್ಲಿ, ಕ್ರೌತರ್ ಬಿಷಪ್ಪರಾದ 150ನೇ ವರ್ಷದಲ್ಲಿ, ಅಂದಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಈ ಅನ್ಯಾಯಕ್ಕಾಗಿ ಬಹಿರಂಗವಾಗಿ ಕ್ಷಮೆ ಕೋರಿದರು.

ಬ್ಲೈಡನ್ ಕೇಳಿದ ಪ್ರಶ್ನೆ

ಇದೇ ಕಾಲದಲ್ಲಿ ಬದುಕಿದ ಎಡ್ವರ್ಡ್ ವಿಲ್ಮಟ್ ಬ್ಲೈಡನ್ ಅವರ ಹೆಸರು ಮುಸ್ಲಿಮ್ ಓದುಗರಿಗೆ ಪರಿಚಯವಾಗಬೇಕು. ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಲ್ಲಿ 1832ರಲ್ಲಿ ಹುಟ್ಟಿದ ಈ ಕಪ್ಪು ತರುಣ ಪಾದ್ರಿಯಾಗಬೇಕೆಂದು 1850ರಲ್ಲಿ ಅಮೆರಿಕಕ್ಕೆ ಹೋದರು. ರಟ್ಗರ್ಸ್‌ನ ಧರ್ಮಶಾಸ್ತ್ರ ಕಾಲೇಜು ಬಣ್ಣದ ಕಾರಣಕ್ಕೆ ಪ್ರವೇಶ ಕೊಡಲಿಲ್ಲ. ಅವರು ಲೈಬೀರಿಯಾಕ್ಕೆ ಹೋಗಿ ಪ್ರೆಸ್ಬಿಟೇರಿಯನ್ ಪಾದ್ರಿಯಾದರು, ಪ್ರಾಧ್ಯಾಪಕರಾದರು, ಅರಬಿ ಕಲಿಯಲು 1866ರಲ್ಲಿ ಸಿರಿಯಾ-ಲೆಬನಾನ್ ಕಡೆಗೆ ಪ್ರಯಾಣ ಮಾಡಿದರು.

1887ರಲ್ಲಿ ಪ್ರಕಟವಾದ ‘ಕ್ರೈಸ್ತಧರ್ಮ, ಇಸ್ಲಾಮ್ ಮತ್ತು ನೀಗ್ರೋ ಜನಾಂಗ’ ಎಂಬರ್ಥದ ಅವರ ಗ್ರಂಥ ದೊಡ್ಡ ಚರ್ಚೆ ಎಬ್ಬಿಸಿತು. ಪಶ್ಚಿಮ ಆಫ್ರಿಕದ ಒಳನಾಡಿನಲ್ಲಿ ಇಸ್ಲಾಮ್ ಹಬ್ಬಿದಷ್ಟು ಸಹಜವಾಗಿ ಕ್ರೈಸ್ತಧರ್ಮ ಏಕೆ ಹಬ್ಬಲಿಲ್ಲ ಎಂದು ಅವರು ಕೇಳಿದರು. ಅಲ್ಲಿನ ಮದ್ರಸಗಳಲ್ಲಿ ಓದಿಸುವ ಮೌಲವಿ ಕಪ್ಪು, ಓದುವ ಹುಡುಗ ಕಪ್ಪು, ನಮಾಜಿನಲ್ಲಿ ಮುಂದೆ ನಿಲ್ಲುವ ಇಮಾಮ್ ಕಪ್ಪು. ಹುಡುಗ ನಾಳೆ ಆ ಜಾಗದಲ್ಲಿ ತಾನು ನಿಲ್ಲಬಹುದೆಂದು ಬಲ್ಲ. ಮಿಶನ್ ಶಾಲೆಯ ಹುಡುಗನಿಗೆ ಪವಿತ್ರವಾದುದೆಲ್ಲ ಬಿಳಿಯಾಗಿ ಕಾಣುತ್ತದೆ. ದೇವದೂತರ ಚಿತ್ರವೂ, ಮೇಷ್ಟ್ರೂ. ಹೀಗೆ ಸಾಗುತ್ತದೆ ಅವರ ವಾದ. ಇಸ್ಲಾಮನ್ನು ಮೆಚ್ಚಿ ಬರೆದರೂ ಅವರು ಮತಾಂತರವಾಗಲಿಲ್ಲ. ತನ್ನ ಸಭೆಯನ್ನು ತಿದ್ದಲು ನೆರೆಮನೆಯ ಕನ್ನಡಿ ಹಿಡಿದರು.

ಇದನ್ನು ಓದಿ ನಾವು ಮುಸ್ಲಿಮರು ಬೀಗುವ ಅಗತ್ಯವಿಲ್ಲ. ಬಾಲಕ ಅಜಾಯಿಯನ್ನು ಹಿಡಿದು ಮಾರಿದವರಲ್ಲಿ ಕಲಿಮಾ ಓದಿದವರಿದ್ದರು. ಪೂರ್ವ ಆಫ್ರಿಕದಿಂದ ಅರಬ್ ನಾಡುಗಳಿಗೆ ಗುಲಾಮರನ್ನು ಸಾಗಿಸಿದ ಹಡಗುಗಳೂ ಇತಿಹಾಸದಲ್ಲಿವೆ. ಬ್ಲೈಡನ್‌ರ ಪ್ರಶ್ನೆಯಲ್ಲಿ ಧರ್ಮಗಳ ತಾರತಮ್ಯಕ್ಕಿಂತ ದೊಡ್ಡ ಸಂಗತಿ ಇದೆ. ಸಂದೇಶ ಕೇಳುವವನು ನಾಳೆ ಸಂದೇಶ ಹೇಳುವವನಾಗಬಲ್ಲನೇ? ಯಾವ ಸಭೆ, ಯಾವ ಜಮಾಅತ್ ಇದಕ್ಕೆ ಹೌದೆನ್ನುತ್ತದೋ ಅದು ಆ ನೆಲದಲ್ಲಿ ಬೇರು ಬಿಡುತ್ತದೆ.

ಎಂಬತ್ತೊಂದು ಕೈಗಳು

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತು. ಅದೇ ವರ್ಷ ವರ್ಜೀನಿಯಾದಲ್ಲಿ ಹುಟ್ಟಿದ ವಿಲಿಯಂ ಶೆಪರ್ಡ್ ಪಾದ್ರಿಯಾದ ಮೇಲೆ ಆಫ್ರಿಕಕ್ಕೆ ಕಳುಹಿಸಿರೆಂದು ತನ್ನ ಪ್ರೆಸ್ಬಿಟೇರಿಯನ್ ಸಭೆಗೆ ಅರ್ಜಿ ಹಾಕಿದ. ಎರಡು ವರ್ಷ ಅರ್ಜಿಗೆ ಫಲ ಸಿಗಲಿಲ್ಲ. ಮೇಲ್ವಿಚಾರಣೆಗೆ ಒಬ್ಬ ಬಿಳಿಯನಿಲ್ಲದೆ ಕಪ್ಪು ಮನುಷ್ಯನನ್ನು ಕಳುಹಿಸಲು ಸಭೆ ಸಿದ್ಧವಿರಲಿಲ್ಲ. ಕೊನೆಗೆ ಹಿಂದೆ ಗುಲಾಮರನ್ನಿಟ್ಟುಕೊಂಡಿದ್ದ ಮನೆತನದ ಸ್ಯಾಮ್ಯುಯೆಲ್ ಲ್ಯಾಪ್ಸ್ಲಿ ಎಂಬ ಬಿಳಿ ತರುಣ ಜೊತೆಗೆ ಹೊರಟ. 1890ರಲ್ಲಿ ಇಬ್ಬರೂ ಕಾಂಗೋಕ್ಕೆ ಹೋದರು. ಇಬ್ಬರಲ್ಲೂ ನಿಜವಾದ ಗೆಳೆತನ ಬೆಳೆಯಿತು. ಎರಡು ವರ್ಷಗಳಲ್ಲಿ ಲ್ಯಾಪ್ಸ್ಲಿ ಜ್ವರದಿಂದ ತೀರಿಕೊಂಡ. ಮೇಲ್ವಿಚಾರಣೆ ಬೇಕಿದ್ದ ಕಪ್ಪು ಮಿಶನರಿಯೇ ಮಿಶನ್ ನಡೆಸಿದ. ಹೊರಗಿನವರಿಗೆ ಪ್ರವೇಶವಿಲ್ಲದ ಕುಬಾ ರಾಜ್ಯದ ರಾಜಧಾನಿಯನ್ನು ಅವರ ಭಾಷೆ ಕಲಿತು ತಲುಪಿದ. 1893ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನನ್ನು ಫೆಲೋ ಎಂದು ಗೌರವಿಸಿತು.

ಆಗ ಕಾಂಗೋ ಬೆಲ್ಜಿಯಂನ ರಾಜ ಲಿಯೊಪೋಲ್ಡ್‌ನ ಖಾಸಗಿ ಆಸ್ತಿ. ರಬ್ಬರ್ ತಂದುಕೊಡದ ಹಳ್ಳಿಗಳ ಮೇಲೆ ದಾಳಿ ನಡೆಯುತ್ತಿತ್ತು. 1899ರಲ್ಲಿ ಶೆಪರ್ಡ್ ಸರ್ಕಾರದ ಪರವಾಗಿ ದಾಳಿ ಮಾಡಿದ ಜಾಪೊ ಜಾಪ್ ಪಂಗಡದ ಶಿಬಿರಕ್ಕೆ ಹೋದ. ಬೆಂಕಿಯ ಮೇಲೆ ಒಣಗಿಸಲು ಇಟ್ಟಿದ್ದ ಬಲಗೈಗಳನ್ನು ಕಂಡ. ಎಣಿಸಿದ: 81. ಅಧಿಕಾರಿಗಳಿಗೆ ಲೆಕ್ಕ ತೋರಿಸಲು ಕಡಿದು ತಂದ ಕೈಗಳವು. ಆ ವರದಿ ಹೊರಜಗತ್ತಿಗೆ ತಲುಪಿತು. ಕಾಂಗೋದ ಕ್ರೌರ್ಯದ ವಿರುದ್ಧ ನಡೆದ ಅಂತರರಾಷ್ಟ್ರೀಯ ಚಳವಳಿಗೆ ಮುಖ್ಯ ಸಾಕ್ಷ್ಯವಾಯಿತು. 1909ರಲ್ಲಿ ರಬ್ಬರ್ ಕಂಪೆನಿ ಮಾನನಷ್ಟದ ಮೊಕದ್ದಮೆ ಹೂಡಿದಾಗ ಬೆಲ್ಜಿಯಂನ ಸಮಾಜವಾದಿ ನಾಯಕ ಎಮಿಲ್ ವಾಂಡರ್‌ವೆಲ್ಡ್ ಅವನ ಪರವಾಗಿ ವಾದಿಸಿದರು. ಶೆಪರ್ಡ್ ಗೆದ್ದ.

ಯಾರು ಮಿಶನರಿಯಾಗಬಹುದು ಎಂಬ ಪ್ರಶ್ನೆ ಹುದ್ದೆಯ ಪ್ರಶ್ನೆಯಷ್ಟೇ ಅಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ. ಕಾಂಗೋದಲ್ಲಿ ಬಿಳಿ ಮಿಶನರಿಗಳು ಹಲವರಿದ್ದರು. ಅವರಲ್ಲಿ ಬಾಯಿಬಿಟ್ಟ ಪ್ರಾಮಾಣಿಕರೂ ಇದ್ದರು, ಸುಮ್ಮನಿದ್ದವರೂ ಇದ್ದರು. ಯಾವುದೇ ಕಾಲದಲ್ಲಿ ಆಡಳಿತಕ್ಕೆ ಭಯವಿರುವುದು ನೊಂದವರ ನಡುವಿನಿಂದ ಬಂದ ಓದುಬಲ್ಲ ಸಾಕ್ಷಿಯ ಬಗ್ಗೆ.

ಮುಚ್ಚಿದ ಬಾಗಿಲು

ಭಯ ನಿಷೇಧವಾಗಲು ತಡವಾಗಲಿಲ್ಲ. ನ್ಯಾಸಾಲ್ಯಾಂಡಿನ, ಅಂದರೆ ಇಂದಿನ ಮಲಾವಿಯ, ಜಾನ್ ಚಿಲೆಂಬ್ವೆ ಅಮೆರಿಕದ ವರ್ಜೀನಿಯಾದ ಕಪ್ಪು ಜನರ ಧರ್ಮಶಾಲೆಯಲ್ಲಿ ಕಲಿತು 1900ರಲ್ಲಿ ಊರಿಗೆ ಮರಳಿದವರು. ಅಮೆರಿಕದ ಕಪ್ಪು ಬ್ಯಾಪ್ಟಿಸ್ಟರ ನೆರವಿನಿಂದ ಶಾಲೆ, ಚರ್ಚು ಕಟ್ಟಿದರು. ಸಮೀಪದಲ್ಲೇ ಪ್ರಖ್ಯಾತ ಮಿಶನರಿ ಡೇವಿಡ್ ಲಿವಿಂಗ್‌ಸ್ಟನ್‌ರ ಮೊಮ್ಮಗನ ಎಸ್ಟೇಟಿತ್ತು. ಅಲ್ಲಿ ಕೂಲಿಗಳು ಕಟ್ಟಿಕೊಂಡ ಪ್ರಾರ್ಥನಾ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಮೊದಲ ಮಹಾಯುದ್ಧಕ್ಕೆ ಆಫ್ರಿಕನ್ನರನ್ನು ಎಳೆದೊಯ್ದಾಗ ಚಿಲೆಂಬ್ವೆ ಪ್ರತಿಭಟಿಸಿದರು. 1915ರ ಜನವರಿಯಲ್ಲಿ ಸಶಸ್ತ್ರ ದಂಗೆ ನಡೆಯಿತು. ಎಸ್ಟೇಟಿನ ಮ್ಯಾನೇಜರನ ಹತ್ಯೆಯಾಯಿತು. ಕೆಲವೇ ದಿನಗಳಲ್ಲಿ ಚಿಲೆಂಬ್ವೆಯವರನ್ನು ಗುಂಡಿಟ್ಟು ಕೊಂದರು.

ಅಂದಿನಿಂದ ವಸಾಹತು ಸರ್ಕಾರಗಳ ಕಣ್ಣಿಗೆ ಅಮೆರಿಕದ ಪ್ರತಿಯೊಬ್ಬ ಕಪ್ಪು ಮಿಶನರಿಯೂ ದಂಗೆಯ ಬೀಜ. ವೀಸಾ ಸಿಗುವುದು ದುಸ್ತರವಾಯಿತು. ಇಂತಹ ಸಂಶಯಕ್ಕೆ ಸಿಲುಕಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರು. ಮ್ಯಾಕ್ಸ್ ಯೆರ್ಗನ್ ಎಂಬ ಕಪ್ಪು ಅಮೆರಿಕನ್ ತರುಣ 1916ರಲ್ಲಿ ವೈಎಂಸಿಎ ಸೇವೆಗಾಗಿ ಬೆಂಗಳೂರಿಗೆ ಬಂದರು. ಅಲ್ಲಿಂದ ಪೂರ್ವ ಆಫ್ರಿಕದ ಯುದ್ಧಭೂಮಿಗೆ ಹೋಗಿ ಸೈನಿಕರ ನಡುವೆ ದುಡಿದರು. ಯುದ್ಧ ಮುಗಿದ ಮೇಲೆ ಅಲ್ಲಿಗೇ ಮರಳಬೇಕೆಂದರೆ ಅನುಮತಿ ಸಿಗಲಿಲ್ಲ. ದಕ್ಷಿಣ ಆಫ್ರಿಕಕ್ಕೂ ಬಹಳ ಹಗ್ಗಜಗ್ಗಾಟದ ನಂತರವೇ 1922ರಲ್ಲಿ ತಲುಪಿದರು. ಸಾಮ್ರಾಜ್ಯದ ಯುದ್ಧಕ್ಕೆ ಕಪ್ಪು ಸೇವಕ ಬೇಕಿದ್ದ. ಸಾಮ್ರಾಜ್ಯದ ಶಾಂತಿಗೆ ಅವನು ಬೇಡವಾದ.

1926ರಲ್ಲಿ ಬೆಲ್ಜಿಯಂನ ಲೆ ಜೂಟ್‌ನಲ್ಲಿ ಆಫ್ರಿಕದ ಮಿಶನ್‌ಗಳ ಬಗ್ಗೆ ದೊಡ್ಡ ಸಮ್ಮೇಳನ ನಡೆದು ಕಪ್ಪು ಅಮೆರಿಕನ್ನರ ವಿಷಯವೂ ಚರ್ಚೆಗೆ ಬಂತು. ಜವಾಬ್ದಾರಿಯುತ ಸಂಸ್ಥೆಗಳ ಮೂಲಕ ಬಂದವರಿಗೆ ಅವಕಾಶ ಕೊಡಬಹುದೆಂಬ ಎಚ್ಚರಿಕೆಯ ನಿರ್ಣಯ ಹೊರಬಿತ್ತು. ಮಾತು ಮೃದುವಾಗಿತ್ತು, ಬಾಗಿಲು ಗಟ್ಟಿಯಾಗಿಯೇ ಉಳಿಯಿತು.

ಇದಕ್ಕೂ ಮೊದಲು 1910ರಲ್ಲಿ ಎಡಿನ್‌ಬರೋ ನಗರದಲ್ಲಿ ವಿಶ್ವ ಮಿಶನರಿ ಸಮ್ಮೇಳನ ನಡೆದಿತ್ತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತಕ್ಕೂ ಕಡಿಮೆ. ತಮಿಳುನಾಡಿನ ವಿ. ಎಸ್. ಅಜರಾಯ ಎದ್ದುನಿಂತು, ನಿಮ್ಮ ತ್ಯಾಗವನ್ನು ನಾವು ಬಲ್ಲೆವು, ಆದರೆ ನಮಗೆ ಬೇಕಾದದ್ದು ನಿಮ್ಮ ಸ್ನೇಹ ಎಂಬರ್ಥದ ಮಾತಾಡಿದರು. ಸಭೆಯಲ್ಲಿ ಮುಜುಗರ ಹಬ್ಬಿತು. ಎರಡು ವರ್ಷಗಳ ನಂತರ ಅವರೇ ಭಾರತದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ಆದರು.

ಯುದ್ಧ ಮಾಡಿದ ಉಪಕಾರ

ಬಾಸೆಲ್ ಮಿಶನ್ನಿನ ಕಥೆ ಏನಾಯಿತು? ಮೊದಲ ಮಹಾಯುದ್ಧದಲ್ಲಿ ಜರ್ಮನರು ಶತ್ರುಗಳೆಂದು ಬ್ರಿಟಿಷರು ಮಂಗಳೂರಿನಲ್ಲೂ ಗೋಲ್ಡ್ ಕೋಸ್ಟಿನಲ್ಲೂ ಅವರನ್ನು ಹಿಡಿದು ಹೊರಹಾಕಿದರು. ಹಂಚಿನ ಕಾರ್ಖಾನೆಗಳು ಕೈತಪ್ಪಿದವು. ಗೋಲ್ಡ್ ಕೋಸ್ಟಿನ ಸಭೆ ಇನ್ನು ಮುಗಿಯಿತೆಂದೇ ಹಲವರು ಎಣಿಸಿದರು. 1918ರಲ್ಲಿ ಸ್ಕಾಟ್ಲೆಂಡಿನವರ ನೆರವಿನೊಂದಿಗೆ ಅಲ್ಲಿನ ಸಭೆ ತನ್ನದೇ ಮಹಾಸಭೆಯನ್ನು ಕೂಡಿಸಿತು. ಅದರ ಮೊದಲ ಅಧ್ಯಕ್ಷರು ಪೀಟರ್ ಹಾಲ್. 1843ರಲ್ಲಿ ಜಮೈಕಾದಿಂದ ಬಂದ ಜಾನ್ ಹಾಲ್ ಅವರ ಮಗ. ಮೊದಲ ಕಾರ್ಯದರ್ಶಿ ನಿಕೊಲಸ್ ಟಿಮತಿ ಕ್ಲಾರ್ಕ್, ಶಾಲೆ ತೆರೆಯಲು ನೆರವಾದ ಆ ಕ್ಲಾರ್ಕ್ ಅವರ ಮಗ. ಎಪ್ಪತ್ತೈದು ವರ್ಷಗಳಲ್ಲಿ ಧರ್ಮಬೋಧೆ ಮಾಡಲಾಗದ್ದನ್ನು ಯುದ್ಧ ಮಾಡಿತು. ಬಿಳಿಯರನ್ನು ಕುರ್ಚಿಯಿಂದ ಎಬ್ಬಿಸಿತು. ಸಭೆ ಮುಳುಗಲಿಲ್ಲ, ಬೆಳೆಯಿತು.

ಇಂದು ಜಗತ್ತಿನ ಕ್ರೈಸ್ತರಲ್ಲಿ ಶೇ. 30ರಷ್ಟು ಸಹಾರಾದ ದಕ್ಷಿಣದ ಆಫ್ರಿಕದಲ್ಲಿದ್ದಾರೆ. ಯುರೋಪಿನ ಪಾಲು ಅದಕ್ಕಿಂತ ಕಡಿಮೆ. ನೈಜೀರಿಯಾ, ಘಾನಾದ ಪಾದ್ರಿಗಳು ಲಂಡನ್ನಿನಲ್ಲಿ, ಹ್ಯಾಂಬರ್ಗಿನಲ್ಲಿ ಬೋಧಿಸುತ್ತಾರೆ. ಕೇರಳದ ಪಾದ್ರಿಗಳು ಜರ್ಮನಿಯ ಖಾಲಿ ಚರ್ಚುಗಳಲ್ಲಿ ಪೂಜೆ ನಡೆಸುತ್ತಾರೆ.

ಆದರೆ ಅಮೆರಿಕದಲ್ಲಿ ಮಿಶನರಿಗಳಾಗಿ ಹೊರಡುವವರಲ್ಲಿ ಕಪ್ಪು ಜನರು ಇಂದಿಗೂ ಬೆರಳೆಣಿಕೆಯಷ್ಟು. ಈಗ ಯಾವ ಕಾನೂನೂ ಅಡ್ಡಿಯಿಲ್ಲ. ಅಡ್ಡಬರುವುದು ಹಣದ ಪದ್ಧತಿ. ಅಲ್ಲಿನ ಬಹಳಷ್ಟು ಮಿಶನ್ ಸಂಸ್ಥೆಗಳಲ್ಲಿ ಹೋಗಬಯಸುವವರು ತಮ್ಮ ಸಂಬಳವನ್ನು ತಾವೇ ಹೊಂದಿಸಿಕೊಳ್ಳಬೇಕು. ನೆಂಟರು, ಗೆಳೆಯರು, ಊರಿನ ಚರ್ಚುಗಳು ತಿಂಗಳು ತಿಂಗಳು ಇಷ್ಟೆಂದು ವಂತಿಗೆ ಒಪ್ಪಿಕೊಂಡ ಮೇಲೆಯೇ ಹೊರಡಲು ಅನುಮತಿ. ಸ್ಥಿತಿವಂತ ನೆಂಟರಿರುವ ಬಿಳಿ ಹುಡುಗನಿಗೆ ಇದು ಕೆಲವು ಫೋನ್ ಕರೆಗಳ ಕೆಲಸ. ಪೂರ್ವಜರು ಗುಲಾಮರು, ತಂದೆ ಕೂಲಿ, ಚರ್ಚು ತನ್ನ ಬೀದಿಯ ಹಸಿವನ್ನೇ ನೀಗಿಸಲು ಹೆಣಗುತ್ತಿರುವಾಗ ಕಪ್ಪು ಹುಡುಗಿ ಯಾರನ್ನು ಕೇಳಬೇಕು? ನಿಯಮ ಎಲ್ಲರಿಗೂ ಒಂದೇ. ಆದರೆ ಓಟ ಆರಂಭವಾಗುವ ಗೆರೆ ಒಂದೇ ಅಲ್ಲ. ಈ ಅಂತರ ತುಂಬಲು ಸಾಮಾನ್ಯ ನಿಧಿಯಿಂದ ಸಂಬಳ ಕೊಡಬೇಕು, ಕಪ್ಪು ಜನರ ಸಂಘಗಳನ್ನು ಬಲಪಡಿಸಬೇಕು ಎಂಬ ಚರ್ಚೆ ಅಲ್ಲಿ ನಡೆದಿದೆ. ಲಾಟ್ ಕೇರಿಯ ಸಂಗಾತಿಗಳು 1815ರಲ್ಲಿ ಮಾಡಿದ್ದೂ ಇದನ್ನೇ: ಕಾಸಿಗೆ ಕಾಸು ಕೂಡಿಸಿ ತಮ್ಮವನನ್ನು ತಾವೇ ಕಳುಹಿಸಿದರು.

ಇದು ಕ್ರೈಸ್ತರ ಮನೆಯ ವಿಚಾರ, ನಮಗೇಕೆ ಎಂದು ಯಾರಾದರೂ ಕೇಳಬಹುದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಆಫ್ರಿಕದ ಮೂಲದ ಸಿದ್ದಿಗಳಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರೂ ಸಮುದಾಯಗಳು ಅವರನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿವೆ. ಸೇರಿಸಿಕೊಳ್ಳುವುದು ಸುಲಭ. ಸಿದ್ದಿಯ ಮಗ ನಮ್ಮ ದೊಡ್ಡ ಮಸೀದಿಯ ಮಿಂಬರಿನ ಮೇಲೆ ನಿಂತು ಖುತ್ಬಾ ಓದುವುದನ್ನು, ಪಿಂಜಾರರ ಹುಡುಗ ನಮ್ಮ ಮದ್ರಸಗಳ ಮುಖ್ಯಸ್ಥನಾಗುವುದನ್ನು ಸಹಜವೆಂದು ನೋಡುವ ಕಣ್ಣು ಬೆಳೆಸಿಕೊಳ್ಳುವುದು ಕಷ್ಟ. ಅಕ್ರೊಪಾಂಗ್‌ನ ಅರಸ ಕೇಳಿದ್ದು ದೊಡ್ಡ ಸಿದ್ಧಾಂತವನ್ನಲ್ಲ. ನಮ್ಮಂತೆ ಇರುವ ಒಬ್ಬನು ಆ ಗ್ರಂಥವನ್ನು ಓದುವುದನ್ನು ತೋರಿಸಿ ಎಂದನಷ್ಟೇ. ಪ್ರತಿ ಊರಿನಲ್ಲೂ ಪ್ರತಿ ಧರ್ಮದ ಮುಂದೆ ಈ ಬೇಡಿಕೆ ಇನ್ನೂ ಹಾಗೆಯೇ ನಿಂತಿದೆ.